ಬಿಳಿ ಒಡಲು, ಹುಬ್ಬಳ್ಳಿ ಧೂಳು: 1/144 ಅಳತೆಯ ಪ್ರಯಾಣಿಕ ವಿಮಾನ ಕಟ್ಟುವ ಕ್ರಮ

ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿಯಲ್ಲಿ ಎರಡು ಹೋಳು ಕೂಡಿದ ಜೋಡಿನ ಗೆರೆ ಒಂದಿಷ್ಟು ಉಳಿದರೂ ಹಸಿರು, ಕಂದು ಪಟ್ಟೆಗಳು ಅದನ್ನು ಮುಚ್ಚಿಬಿಡುತ್ತವೆ. ಪ್ರಯಾಣಿಕ ವಿಮಾನಕ್ಕೆ ಆ ಅನುಕೂಲ ಇಲ್ಲ. ಅದರ ಒಡಲು ಉದ್ದನೆಯ ದುಂಡು ಕೊಳವೆ, ಮೇಲೆ ಹೊಳೆಯುವ ಬಿಳಿ ಬಣ್ಣ. ಕೂದಲೆಳೆಯಷ್ಟು ತಗ್ಗಿದ್ದರೂ ಬೆಳಕು ಅಲ್ಲಿ ಮುರಿಯುತ್ತದೆ, ನೋಡುವವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಹಾಗಾಗಿ ಈ ಮಾದರಿಯ ಕೆಲಸವನ್ನೆಲ್ಲ ಬಿಳಿ ಬಣ್ಣದಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರಬೇಕು. ಕಿಟಕಿ ಮುಚ್ಚಬೇಕೋ ಬೇಡವೋ, ಯಾವ ಪುಟ್ಟಿ ಹಾಕಬೇಕು, ಜೋಡು ಎಷ್ಟು ದಿನ ಒಣಗಬೇಕು, ಎಲ್ಲವೂ ಅದರ ಮೇಲೆಯೇ ನಿಂತಿದೆ.

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಇದಕ್ಕೆ ಇನ್ನೊಂದು ಲೆಕ್ಕ ಸೇರುತ್ತದೆ, ಹವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ. ಧಾರವಾಡದಲ್ಲಂತೂ ಜಿಟಿಜಿಟಿ ಮಳೆ ಹಿಡಿದರೆ ಬಿಡುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಬಿಸಿಲು, ಧೂಳು, ನಡುನಡುವೆ ಸಂಜೆಯ ಗುಡುಗು ಮಳೆ. ದೀಪಾವಳಿ ಮುಗಿದ ಮೇಲಿನಿಂದ ಫೆಬ್ರವರಿ ಕೊನೆಯವರೆಗೆ ಸಿಗುವ ಒಣ, ತಂಪು ದಿನಗಳೇ ಬಿಳಿ ಬಣ್ಣಕ್ಕೆ ಸರಿಯಾದ ಕಾಲ. ಮಳೆಗಾಲದಲ್ಲಿ ಕತ್ತರಿಸಿ, ಅಂಟಿಸಿ, ತಿಕ್ಕಿ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಬಣ್ಣ ಹೊಡೆಯಿರಿ. ಜೋಡು ಚೆನ್ನಾಗಿ ಒಣಗಲು ವಾರಗಟ್ಟಲೆ ಸಮಯ ತಾನಾಗಿಯೇ ಸಿಗುವುದು ಈ ಕ್ರಮದ ದೊಡ್ಡ ಲಾಭ.

ಅಳತೆಯ ವಿಷಯಕ್ಕೆ ಬಂದರೆ 1/144, ಅಂದರೆ ನಿಜದ 144ರಲ್ಲಿ ಒಂದು ಪಾಲು, ಬಿಟ್ಟು ಬೇರೆಯದು ಹುಡುಕುವುದು ಬೇಡ. ಪ್ರಯಾಣಿಕ ವಿಮಾನಗಳ ಕಿಟ್ (ಜೋಡಿಸಲು ಬರುವ ಬಿಡಿಭಾಗಗಳ ಪೆಟ್ಟಿಗೆ), ಬಿಡಿ ಡಿಕಾಲ್‌ (ನೀರಲ್ಲಿ ನೆನೆಸಿ ಜಾರಿಸಿ ಅಂಟಿಸುವ ಮುದ್ರಿತ ಪೊರೆ) ಹಾಳೆ, ಎಂಜಿನ್ ಎಲ್ಲವೂ ಈ ಅಳತೆಯಲ್ಲೇ ಹೆಚ್ಚು. ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿಯುವಂಥ ಏರ್‌ಬಸ್ ಎ320 ನಿಜದಲ್ಲಿ 37.57 ಮೀಟರ್ ಉದ್ದ. ಮಾದರಿಯಲ್ಲಿ 26 ಸೆಂ.ಮೀ. ರೆಕ್ಕೆಯ ತುದಿಯಿಂದ ತುದಿಗೆ 35.8 ಮೀಟರ್ ಇರುವುದು ಸುಮಾರು 25 ಸೆಂ.ಮೀ. ಆಗುತ್ತದೆ. ಎಟಿಆರ್ 72 ಉದ್ದ ಅಗಲ ಎರಡರಲ್ಲೂ 19 ಸೆಂ.ಮೀ.ಗೆ ಒಂದೆರಡು ಮಿ.ಮೀ. ಕಡಿಮೆ. ಬೋಯಿಂಗ್ 777-300ಇಆರ್ ಮಾತ್ರ 51 ಸೆಂ.ಮೀ. ದಾಟುತ್ತದೆ, ಅದನ್ನು ಕೊಳ್ಳುವ ಮೊದಲು ಕಪಾಟಿನ ಅಳತೆ ತೆಗೆದುಕೊಳ್ಳಿ. ಜ್ವೆಜ್ದಾ ಕಂಪನಿಯ ಹೊಸ ಅಚ್ಚುಗಳಲ್ಲಿ ಪ್ಯಾನೆಲ್ ಗೆರೆಗಳು (ವಿಮಾನದ ತಗಡುಗಳ ಸಂದಿ ತೋರಿಸುವ ಗೆರೆಗಳು) ನಯವಾಗಿವೆ, ಭಾಗಗಳು ಚೆನ್ನಾಗಿ ಕೂರುತ್ತವೆ. ರೆವೆಲ್‌ನಲ್ಲಿ ಹಳೆಯ ಅಚ್ಚು, ಹೊಸ ಅಚ್ಚು ಎರಡೂ ಮಾರಾಟದಲ್ಲಿರುತ್ತವೆ. ಮೊದಲ ಮಾದರಿಗೆ ಎರಡೇ ಎಂಜಿನ್ ಇರುವ, ಸಣ್ಣ ಒಡಲಿನ ಎ320 ಇಲ್ಲವೇ 737 ಸಾಕು.

ಕಿಟ್ ತರಿಸುವ ಮುಂಚೆ ಯಾವ ವಿಮಾನ ಎಂದು ಗಟ್ಟಿ ಮಾಡಿಕೊಳ್ಳಬೇಕು. ‘ಇಂಡಿಗೋ ಎ320’ ಎಂದರೆ ಸಾಲದು. ಬಾಲದ ಹತ್ತಿರ ಬರೆದಿರುವ, ವಿಟಿ ಎಂದು ಶುರುವಾಗುವ ನೋಂದಣಿ ಗುರುತು ಹಿಡಿದು ಫೋಟೊ ಹುಡುಕಿ. ಹಳೆಯ ಎ320ಕ್ಕೆ ಸಿಎಫ್‌ಎಂ56 ಅಥವಾ ವಿ2500 ಎಂಜಿನ್. ಸಿಎಫ್‌ಎಂ56ರ ಹೊರಕವಚ ಗಿಡ್ಡ, ಹಿಂದೆ ಒಳಗಿನ ಕೊಳವೆ ಬೇರೆಯಾಗಿ ಕಾಣುತ್ತದೆ. ವಿ2500ರ ಕವಚ ಉದ್ದವಾಗಿ ಒಂದೇ ಬಾಯಿಯಲ್ಲಿ ಮುಗಿಯುತ್ತದೆ. ಹೊಸ ಎಂಜಿನ್ನಿನ ಎ320 ‘ನಿಯೋ’ ಆದರೆ ಪ್ರಾಟ್ ಆ್ಯಂಡ್ ವಿಟ್ನಿ ಅಥವಾ ಲೀಪ್. ಇಂಡಿಗೋ ಎರಡನ್ನೂ ಹಾರಿಸುತ್ತದೆ. ಪ್ರಾಟ್ ಎಂಜಿನ್ನಿನ ಫ್ಯಾನ್ 81 ಇಂಚು, ಹಳೆಯ ಸಿಎಫ್‌ಎಂ56-5ಬಿಯದು 68.3 ಇಂಚು. ಮಾದರಿಯಲ್ಲಿ ಅದು 14.3 ಮತ್ತು 12 ಮಿ.ಮೀ. ಎರಡು ಮಿ.ಮೀ. ಎಂದು ಉಪೇಕ್ಷೆ ಮಾಡಬೇಡಿ. ನಿಯೋ ರೆಕ್ಕೆಗೆ ಹಳೆಯ ಎಂಜಿನ್ ತೂಗುಹಾಕಿದರೆ ವಿಮಾನ ಬಲ್ಲವರಿಗೆ ಮೊದಲ ನೋಟಕ್ಕೇ ತಿಳಿಯುತ್ತದೆ.

ಇಂಡಿಯನ್ ಏರ್‌ಲೈನ್ಸ್‌ನ ಹಳೆಯ ಎ320 ಕಟ್ಟುವವರಿಗೆ ಇನ್ನೊಂದು ತೊಡಕಿದೆ. 1989ರಿಂದ ಬಂದ ಆ ವಿಮಾನಗಳಿಗೆ ರೆಕ್ಕೆಯ ಕೆಳಗಿನ ಪ್ರತಿ ಕಾಲಿಗೂ ನಾಲ್ಕು ಗಾಲಿ. ಉಳಿದ ಲೋಕದ ಎ320ಗಳಿಗೆಲ್ಲ ಎರಡೇ. ಸಾಮಾನ್ಯ ಕಿಟ್‌ನಲ್ಲಿ ಆ ನಾಲ್ಕು ಗಾಲಿಯ ಜೋಡಣೆ (ಬೋಗಿ) ಬರುವುದಿಲ್ಲ. ಇನ್ನೊಂದು ಕಿಟ್‌ನಿಂದ ಅದಕ್ಕೆ ಹೊಂದುವ ಸಣ್ಣ ಗಾಲಿ ತೆಗೆದು, 1 ಮಿ.ಮೀ. ಪ್ಲಾಸ್ಟಿಕ್ ಕಡ್ಡಿಯ ಅಡ್ಡ ತೊಲೆ ಮಾಡಿ ಜೋಡಿಸಬೇಕು. ನಮ್ಮ ದೇಶದ ವಿಮಾನವೆಂದು ಗುರುತಿಸುವ ಗುರುತೇ ಅದು, ಶ್ರಮ ಹಾಕಿದ್ದಕ್ಕೂ ಸಾರ್ಥಕ.

ಕಿಟ್, ಡಿಕಾಲ್‌, ಹಾಬಿ ಬಣ್ಣಗಳು ಬಹುಮಟ್ಟಿಗೆ ಹೊರಗಿನಿಂದಲೇ ಬರಬೇಕು. ಅಂಟು, ಥಿನ್ನರ್, ಸ್ಪ್ರೇ ಡಬ್ಬಿಗಳು ಬೆಂಕಿ ಹತ್ತುವ ಸಾಮಾನಾದ್ದರಿಂದ ರಸ್ತೆ ಮೇಲೆಯೇ ಬರುತ್ತವೆ, ತಡವಾಗುತ್ತದೆ. ಬಣ್ಣದ ಕಾಲಕ್ಕೆ ಒಂದು ತಿಂಗಳು ಮೊದಲೇ ತರಿಸಿಡಿ. ಉಳಿದದ್ದು ಊರಲ್ಲೇ ಸಿಗುತ್ತದೆ. ಗಾಡಿಗೆ ಬಣ್ಣ ಹೊಡೆಯುವವರು ಸಾಮಾನು ಕೊಳ್ಳುವ ಅಂಗಡಿಯಲ್ಲಿ 400, 600, 1000, 1500, 2000 ನಂಬರಿನ ವಾಟರ್ ಪೇಪರ್, ರಬ್ಬಿಂಗ್ ಕಾಂಪೌಂಡ್, ಎನ್‌ಸಿ (ನೈಟ್ರೊಸೆಲ್ಯುಲೋಸ್) ಪುಟ್ಟಿ. ವಿದ್ಯಾನಗರದಲ್ಲಿ ಕಿಮ್ಸ್ ಆಸ್ಪತ್ರೆಯ (ಈಗಿನ ಕೆಎಂಸಿಆರ್‌ಐ) ಸುತ್ತಲಿನ ಔಷಧ ಅಂಗಡಿಗಳಲ್ಲಿ 11 ನಂಬರಿನ ಸರ್ಜಿಕಲ್ ಬ್ಲೇಡ್, ಅದಕ್ಕೆ ಹೊಂದುವ 3 ನಂಬರಿನ ಹಿಡಿ, ಸೂಜಿ ಇಲ್ಲದ ಸಿರಿಂಜ್. ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಚಪ್ಪಟೆ ಮೂತಿಯ ಸಣ್ಣ ಕಟರ್. ಇನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಎರಡು ಬಾಟಲಿ. ಇದು ಯಾಕೆಂದು ಮುಂದೆ ಹೇಳುತ್ತೇನೆ.

ಭಾಗಗಳನ್ನು ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಇರುವಾಗಲೇ ಪಾತ್ರೆ ತೊಳೆಯುವ ದ್ರವ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಆರಿಸಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದರೆ ಬಣ್ಣ ಅಲ್ಲಲ್ಲಿ ಕಚ್ಚುವುದಿಲ್ಲ. ಕತ್ತರಿಸುವಾಗ ಭಾಗಕ್ಕೆ ತಾಗಿ ಒಮ್ಮೆಲೇ ಕತ್ತರಿಸಬೇಡಿ. ಮೊದಲು 2 ಮಿ.ಮೀ. ದೂರದಲ್ಲಿ ಕಡಿದು, ಉಳಿದ ತುಂಡನ್ನು ಬ್ಲೇಡಿನಿಂದ ತೆಳ್ಳಗೆ ಸವರಿ. ನೇರ ಕಡಿದರೆ ಪ್ಲಾಸ್ಟಿಕ್ ಬೆಳ್ಳಗಾಗಿ ಒಳಗಿನಿಂದ ಹರಿದು ಗುಳಿ ಬೀಳುತ್ತದೆ. ರೆಕ್ಕೆಯ ಹಿಂದಂಚಿನಲ್ಲಿ ಹಾಗಾದರೆ ತುಂಬುವುದು ಬಹಳ ಕಷ್ಟ.

ಈಗ ಕಿಟಕಿ. ಕಿಟ್‌ನ ಪಾರದರ್ಶಕ ಪಟ್ಟಿಗಳನ್ನು ಹಾಗೇ ಉಳಿಸಿಕೊಳ್ಳುವುದು ಒಂದು ದಾರಿ, ಎಲ್ಲ ಕಿಟಕಿ ಮುಚ್ಚಿ ನುಣ್ಣಗೆ ಮಾಡಿ ಮೇಲೆ ಡಿಕಾಲ್‌ ಕೂರಿಸುವುದು ಇನ್ನೊಂದು. ನನ್ನ ಅಭಿಪ್ರಾಯ ಎರಡನೆಯದರ ಪರ. ಈ ಅಳತೆಯಲ್ಲಿ ಒಂದೊಂದು ಕಿಟಕಿ 2 ರಿಂದ 3 ಮಿ.ಮೀ. ಎತ್ತರ. ತೆರೆದಿಟ್ಟರೆ ಒಡಲನ್ನು ತಿಕ್ಕುವಾಗ ಅಂಚು ಸವೆಯುತ್ತದೆ, ಬಣ್ಣಕ್ಕೆ ಮೊದಲು ಅಷ್ಟೂ ಕಿಟಕಿಗೆ ಮುಚ್ಚುಪಟ್ಟಿ ಹಾಕಬೇಕು, ಒಳಗೆ ಖಾಲಿ ಕೊಳವೆ ಕಾಣುತ್ತದೆ. ಮುಚ್ಚುವುದಾದರೆ ಕಿಟ್‌ನ ಪಾರದರ್ಶಕ ಪಟ್ಟಿಯನ್ನೇ ಒಳಗಿನಿಂದ ಅಂಟಿಸಿ, ಹೊರಗೆ ಉಳಿದ ತಗ್ಗಿಗೆ ಫೆವಿಕ್ವಿಕ್ ಜಾತಿಯ ಅಂಟಿಗೆ ಟಾಲ್ಕಂ ಪೌಡರ್ ಕಲಸಿ ತುಂಬಿ. ಸಣ್ಣ ಪ್ಲಾಸ್ಟಿಕ್ ಮುಚ್ಚಳದಲ್ಲಿ ಎರಡು ಪಾಲು ಪೌಡರ್, ಒಂದು ಪಾಲು ಅಂಟು, ಹಲ್ಲುಕಡ್ಡಿಯಿಂದ ಕಲಸಿ ಬೇಗ ಹಚ್ಚಬೇಕು. ಇದು ಕುಗ್ಗುವುದಿಲ್ಲ, ಅದೇ ಇದರ ಗುಣ. ಆದರೆ ಒಂದು ಗಂಟೆಯೊಳಗೆ ತಿಕ್ಕಬೇಕು. ರಾತ್ರಿ ಬಿಟ್ಟರೆ ಸುತ್ತಲಿನ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿಬಿಡುತ್ತದೆ, ತಿಕ್ಕಿದಾಗ ಪ್ಲಾಸ್ಟಿಕ್ ಸವೆದು ತುಂಬಿದ ಜಾಗ ಗುಬುಟಾಗಿ ನಿಲ್ಲುತ್ತದೆ.

ಪೈಲಟ್ ಕಿಟಕಿಯ ಗಾಜು ಪಾರದರ್ಶಕವಾಗಿಯೇ ಉಳಿಯಬೇಕೆಂದರೆ ಮುಚ್ಚಿದ ಒಡಲಿನೊಳಗೆ ಫೆವಿಕ್ವಿಕ್ ಬಳಸಬೇಡಿ. ಅದರ ಆವಿ ಗಾಜಿನ ಒಳಮೈಗೆ ಹೋಗಿ ಬಿಳಿ ಪೊರೆ ಕಟ್ಟುತ್ತದೆ, ಆಮೇಲೆ ಒರೆಸಲು ಕೈ ಹೋಗುವುದಿಲ್ಲ.

ಒಡಲು ಮುಚ್ಚುವ ಮೊದಲು ಮೂತಿಗೆ ತೂಕ. ಮೂರು ಕಾಲಿನ ವಿಮಾನದಲ್ಲಿ ಭಾರದ ಕೇಂದ್ರ ಹಿಂದಿನ ಗಾಲಿಗಳಿಗಿಂತ ಮುಂದಿರಬೇಕು. ಇಲ್ಲದಿದ್ದರೆ ಬಾಲ ನೆಲಕ್ಕೆ ಕೂರುತ್ತದೆ. ಎಟಿಆರ್‌ಗೆ ನಿಜದಲ್ಲೂ ಈ ಭಯ ಇದೆ. ಪ್ರಯಾಣಿಕರು ಹಿಂಬಾಗಿಲಿನಿಂದ ಹತ್ತುವ ವಿಮಾನ ಅದು; ನಿಲ್ದಾಣದಲ್ಲಿ ಅದರ ಬಾಲದ ಕೆಳಗೆ ಆಸರೆಯ ಕೋಲು ಇಟ್ಟಿರುವುದನ್ನು ನೋಡಬಹುದು. ಎಷ್ಟು ತೂಕ ಬೇಕೆಂದು ಅಂದಾಜಿನ ಮೇಲೆ ಹೋಗಬೇಡಿ. ಎಲ್ಲ ಭಾಗಗಳನ್ನೂ ಟೇಪಿನಿಂದ ಜೋಡಿಸಿ, ಎಂಜಿನ್, ಬಾಲದ ರೆಕ್ಕೆ ಸಮೇತ, ಒಂದು ಪೆನ್ಸಿಲ್ ಮೇಲೆ ಅಡ್ಡಲಾಗಿ ತೂಗಿಸಿ ಕೇಂದ್ರ ಹುಡುಕಿ. ಮಾದರಿ 60 ಗ್ರಾಂ ಇದೆ, ಕೇಂದ್ರ ಹಿಂದಿನ ಗಾಲಿಗಿಂತ 10 ಮಿ.ಮೀ. ಹಿಂದಿದೆ, ತೂಕ ಇಡುವ ಜಾಗ ಗಾಲಿಯಿಂದ 100 ಮಿ.ಮೀ. ಮುಂದಿದೆ ಎನ್ನೋಣ. 60ನ್ನು 10ರಿಂದ ಗುಣಿಸಿ 100ರಿಂದ ಭಾಗಿಸಿದರೆ 6 ಗ್ರಾಂ. ಅದು ಬರೀ ಸಮತೋಲಕ್ಕೆ. ಪುಟ್ಟಿ, ಬಣ್ಣ, ಮೇಜಿನ ಅಲುಗಾಟ ಸೇರಿಸಿ ಅದರ ಎರಡು ಪಟ್ಟು ಹಾಕಿ.

ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಸೀಸದ ಗುಂಡು ಇದಕ್ಕೆ ಚೆನ್ನ. 10 ಗ್ರಾಂ ಸೀಸಕ್ಕೆ ಒಂದು ಘನ ಸೆಂ.ಮೀ.ಗಿಂತ ಕಡಿಮೆ ಜಾಗ ಸಾಕು. ಆದರೆ ಸೀಸವನ್ನು ಬಡಗಿಗಳು ಬಳಸುವ ಬಿಳಿ ಅಂಟಿನಿಂದ ಕೂರಿಸಲೇಬಾರದು. ಆ ಅಂಟಿನಿಂದ ಹೊರಡುವ ಅಸಿಟಿಕ್ ಆಮ್ಲ ಸೀಸವನ್ನು ನಿಧಾನವಾಗಿ ತಿಂದು ಬಿಳಿ ಪುಡಿ ಮಾಡುತ್ತದೆ. ಆ ಪುಡಿ ಉಬ್ಬುತ್ತದೆ, ಕೆಲವು ವರ್ಷಗಳಲ್ಲಿ ಮೂತಿಯ ಜೋಡು ಒಡೆದು ಬಾಯಿ ಬಿಡುತ್ತದೆ. ಎರಡು ಟ್ಯೂಬಿನ ಎಪಾಕ್ಸಿ ಅಂಟು ಬಳಸಿ, ಅದೂ ಎರಡು ಸಲಕ್ಕೆ ಸ್ವಲ್ಪ ಸ್ವಲ್ಪವಾಗಿ. ಒಮ್ಮೆಲೇ ದಪ್ಪ ಸುರಿದರೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಸೀಸ ಮುಟ್ಟಿದ ಕೈ ತೊಳೆದುಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಸೀಸ ಬಿಟ್ಟು ಹಳೆಯ ಬೇರಿಂಗಿನ ಉಕ್ಕಿನ ಗುಂಡು ಹಾಕಿ, ಜಾಗ ಸ್ವಲ್ಪ ಹೆಚ್ಚು ಬೇಕಾಗುತ್ತದೆ ಅಷ್ಟೇ.

ಒಡಲಿನ ಎರಡು ಹೋಳು ಕೂಡಿಸುವುದು ಇಡೀ ಕೆಲಸದ ಗಟ್ಟಿ ಭಾಗ, ಇಲ್ಲಿ ಅವಸರ ಬೇಡ. ಮೊದಲು ಅಂಟಿಲ್ಲದೆ ಹಿಡಿದು ನೋಡಿ. ಬೆಳಕಿಗೆ ಹಿಡಿದಾಗ ಸಂದಿ ಕಂಡಲ್ಲಿ ಒಳಗಿನ ಗೂಟವೋ ತೂಕದ ಅಂಟೋ ತಡೆಯುತ್ತಿರುತ್ತದೆ. ಒಳಗೆ 5 ಮಿ.ಮೀ. ಅಗಲದ ಪ್ಲಾಸ್ಟಿಕ್ ತುಂಡುಗಳನ್ನು ಒಂದು ಹೋಳಿನ ಅಂಚಿಗೆ ಅರ್ಧ ಹೊರಚಾಚಿದಂತೆ 4 ಸೆಂ.ಮೀ.ಗೊಂದು ಅಂಟಿಸಿ. ಹೋಳುಗಳು ಮೇಲೆಕೆಳಗೆ ಜಾರದಂತೆ ಅವೇ ಹಿಡಿಯುತ್ತವೆ. ಆಮೇಲೆ ಟಮಿಯಾದ ಹಸಿರು ಮುಚ್ಚಳದ ತೆಳು ಸಿಮೆಂಟ್ (ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ಅಂಟು) ತೆಗೆದುಕೊಂಡು 3-4 ಸೆಂ.ಮೀ. ಉದ್ದಕ್ಕೆ ಕುಂಚದಿಂದ ಸಂದಿಗೆ ಮುಟ್ಟಿಸಿ. ಅದು ತಾನೇ ಹರಿದು ಹೋಗುತ್ತದೆ. ಹತ್ತು ಎಣಿಸಿ ಎರಡೂ ಕಡೆಯಿಂದ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಸಣ್ಣ ಏಣಿನಂತೆ ಮೇಲೆ ಬರಬೇಕು. ಆ ಏಣು ಉದ್ದಕ್ಕೂ ಬಂದರೆ ಪುಟ್ಟಿಯ ಅಗತ್ಯವೇ ಬೀಳುವುದಿಲ್ಲ. ಟೇಪು ಸುತ್ತಿ ಪಕ್ಕಕ್ಕಿಡಿ.

ಎಷ್ಟು ದಿನ? ಕನಿಷ್ಠ ಮೂರು ದಿನ, ಮಳೆಗಾಲದಲ್ಲಿ ವಾರ. ಮೇಲ್ಮೈ ಮುಟ್ಟಿದರೆ ಅರ್ಧ ಗಂಟೆಗೇ ಗಟ್ಟಿ ಅನ್ನಿಸುತ್ತದೆ, ಆದರೆ ಒಳಗೆ ದ್ರಾವಕ ಇನ್ನೂ ಸಿಕ್ಕಿಕೊಂಡಿರುತ್ತದೆ. ಆಗಲೇ ತಿಕ್ಕಿ ಸಮ ಮಾಡಿದರೆ ಉಳಿದ ದ್ರಾವಕ ಆರುತ್ತಾ ಹೋದಂತೆ ಪ್ಲಾಸ್ಟಿಕ್ ಒಳಕ್ಕೆ ಕುಗ್ಗುತ್ತದೆ. ಬಿಳಿ ಬಣ್ಣ ಹೊಡೆದು, ಡಿಕಾಲ್‌ ಕೂರಿಸಿ, ಎಲ್ಲ ಮುಗಿದು ತಿಂಗಳ ಮೇಲೆ ಒಡಲಿನ ಬೆನ್ನ ಮೇಲೆ ಸಣ್ಣ ಕಾಲುವೆ ತೋರುತ್ತದೆ. ಆಗ ಮಾಡುವಂಥದ್ದು ಏನೂ ಇರುವುದಿಲ್ಲ. ಎನ್‌ಸಿ ಪುಟ್ಟಿಯದ್ದೂ ಇದೇ ಗುಣ. ಅದರ ಥಿನ್ನರ್ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಒಣಗಿದಂತೆ ಕುಗ್ಗುತ್ತದೆ. ಕೂದಲು ದಪ್ಪದ ಗೀರಿಗೆ ಮಾತ್ರ ತೆಳ್ಳಗೆ ಹಚ್ಚಿ ಒಂದು ದಿನ ಬಿಡಿ, 1 ಮಿ.ಮೀ. ಸಂದಿಗೆ ಅದು ಬೇಡ, ಪ್ಲಾಸ್ಟಿಕ್ ಹಾಳೆಯ ತುಂಡು ತುರುಕಿ ಸಿಮೆಂಟ್ ಹಾಕಿ.

ತಿಕ್ಕುವಾಗ ಪೇಪರನ್ನು ಬೆರಳಿನ ಮೇಲೆ ಇಟ್ಟು ಜೋಡಿನ ಉದ್ದಕ್ಕೇ ಉಜ್ಜಿದರೆ ಬೆನ್ನು ಚಪ್ಪಟೆಯಾಗುತ್ತದೆ. ದುಂಡು ಒಡಲಿಗೆ ಪೇಪರನ್ನು ಪಟ್ಟಿಯಾಗಿ ಕತ್ತರಿಸಿ, ಚಪ್ಪಲಿಗೆ ಪಾಲಿಶ್ ಉಜ್ಜುವ ಬಟ್ಟೆಯ ಹಾಗೆ ಎರಡು ಕೈಯಲ್ಲಿ ಹಿಡಿದು ಅಡ್ಡಡ್ಡ ಎಳೆಯಬೇಕು. 400ರಿಂದ ಏಣು ಇಳಿಸಿ, 600, 1000, 1500 ಎಂದು ಮೇಲಕ್ಕೆ ಹೋಗಿ. ಪ್ರತಿ ಹಂತದಲ್ಲೂ ಹಿಂದಿನ ಪೇಪರಿನ ಗೀರು ಪೂರ್ತಿ ಹೋಗುವವರೆಗೆ ಮುಂದೆ ಹೋಗಬೇಡಿ. ಬೆನ್ನ ಮೇಲಿನ ಸಣ್ಣ ಆಂಟೆನಾಗಳು ಹೇಗೂ ಮುರಿಯುತ್ತವೆ. ಮೊದಲೇ ಕತ್ತರಿಸಿ, ಜಾಗವನ್ನು ಫೋಟೊದಲ್ಲಿ ಗುರುತು ಮಾಡಿಟ್ಟುಕೊಳ್ಳಿ, ಕೊನೆಗೆ 0.25 ಮಿ.ಮೀ. ಹಾಳೆಯಿಂದ ಹೊಸದು ಮಾಡಿ ಅಂಟಿಸಿ. ಕಿಟ್‌ನವಕ್ಕಿಂತ ಅವೇ ತೆಳ್ಳಗೆ ಚೆನ್ನಾಗಿ ಕಾಣುತ್ತವೆ. ಅಳಿಸಿಹೋದ ಪ್ಯಾನೆಲ್ ಗೆರೆಗಳನ್ನು ದಪ್ಪ ಲೇಬಲ್ ಟೇಪಿನ ಅಂಚಿಗೆ ಸೂಜಿ ಹಿಡಿದು ಮೂರ್ನಾಲ್ಕು ಸಲ ಹಗುರಾಗಿ ಎಳೆದರೆ ಸಾಕು.

ರೆಕ್ಕೆ ಕೂರಿಸುವಾಗ ಎರಡೂ ತುದಿ ಮೇಜಿನಿಂದ ಒಂದೇ ಎತ್ತರ ಇದೆಯೇ ಎಂದು ಸ್ಕೇಲ್ ಹಿಡಿದು ನೋಡಿ. ಸಿಮೆಂಟ್ ಆರುವವರೆಗೆ ಕೆಳಗೆ ಬೆಂಕಿಪೊಟ್ಟಣ, ಪುಸ್ತಕ ಏನಾದರೂ ಕೊಟ್ಟು ನಿಲ್ಲಿಸಿ. ಬುಡದ ಸಂದಿಗೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಪುಟ್ಟಿ ಎಳೆದು ಒದ್ದೆ ಹತ್ತಿಕಡ್ಡಿಯಿಂದ ಒರೆಸಿದರೆ ತಿಕ್ಕುವ ಕೆಲಸವೇ ಉಳಿಯದು. ಬಾಲದ ಅಡ್ಡರೆಕ್ಕೆ, ಎಂಜಿನ್, ಗಾಲಿ ಈಗ ಬೇಡ. ಅವು ಬಿಡಿಯಾಗಿದ್ದರೆ ಒಡಲಿಗೆ ಬಣ್ಣ ಎಲ್ಲ ಕಡೆಯಿಂದ ಸಮನಾಗಿ ಬೀಳುತ್ತದೆ.

ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹೊಡೆಯುವ ಅಡಿಪದರ, ಬೂದು ಬಣ್ಣದ್ದೇ ಇರಲಿ. ಬಿಳಿ ಪ್ರೈಮರ್ ತಪ್ಪುಗಳನ್ನು ಮುಚ್ಚಿಡುತ್ತದೆ, ಬೂದು ತೋರಿಸುತ್ತದೆ. ಹೊಡೆದು, ಒಣಗಿಸಿ, ಟ್ಯೂಬ್‌ಲೈಟಿನ ಕೆಳಗೆ ಒಡಲನ್ನು ನಿಧಾನ ಉರುಳಿಸಿ ಬೆಳಕಿನ ಗೆರೆ ಎಲ್ಲಿ ವಾಲುತ್ತದೆ ಎಂದು ನೋಡಿ. ಅಲ್ಲಿ ಮತ್ತೆ ತುಂಬಿ, ತಿಕ್ಕಿ, ಮತ್ತೆ ಪ್ರೈಮರ್. ಇದು ತೃಪ್ತಿಯಾಗುವವರೆಗೆ ನಡೆಯಬೇಕು. ಕೊನೆಗೆ ಬಿಳಿ ಪ್ರೈಮರಿನ ಒಂದು ತೆಳು ಪದರ ಹೊಡೆದುಕೊಂಡರೆ ಮೇಲಿನ ಬಿಳಿಗೆ ಹೆಚ್ಚು ಬಣ್ಣ ಹಿಡಿಯುವುದಿಲ್ಲ. ಬಿಳಿ ವರ್ಣದ್ರವ್ಯಕ್ಕೆ ಮುಚ್ಚುವ ಶಕ್ತಿ ಕಡಿಮೆ. ಬೂದು ಬಣ್ಣದ ಮೇಲೆ ನೇರ ಬಿಳಿ ಹೊಡೆದು ಮುಚ್ಚಲು ಹೊರಟರೆ ಪದರ ದಪ್ಪವಾಗಿ ಪ್ಯಾನೆಲ್ ಗೆರೆಗಳೆಲ್ಲ ತುಂಬಿಹೋಗುತ್ತವೆ.

ಬಿಳಿಗೆ ಟಮಿಯಾದ ಎಲ್‌ಪಿ-2 ಅಥವಾ ಮಿಸ್ಟರ್ ಕಲರ್ ಜಿಎಕ್ಸ್1, ಎರಡೂ ಲ್ಯಾಕರ್, ಅಂದರೆ ಥಿನ್ನರ್ ಹಾರಿ ಬೇಗ ಒಣಗುವ ಬಣ್ಣ. 0.3 ಮಿ.ಮೀ. ನಾಝಲ್‌ನ ಏರ್‌ಬ್ರಷ್, 15ರಿಂದ 20 ಪಿಎಸ್‌ಐ ಒತ್ತಡ, ಒಂದು ಪಾಲು ಬಣ್ಣಕ್ಕೆ ಒಂದೂವರೆಯಿಂದ ಎರಡು ಪಾಲು ಲೆವೆಲಿಂಗ್ ಥಿನ್ನರ್. ಮೊದಲ ಎರಡು ಪದರ ಮಂಜು ಬಿದ್ದಂತೆ ತೆಳ್ಳಗೆ, ನಡುವೆ ಹತ್ತು ನಿಮಿಷ. ಆಮೇಲೆ ಎರಡು ಪದರ ಸ್ವಲ್ಪ ಹಸಿಯಾಗಿ, ಮೈ ಹೊಳೆದು ಇನ್ನೇನು ಹರಿಯಬೇಕು ಎನ್ನುವಷ್ಟರಲ್ಲಿ ಕೈ ಮುಂದೆ ಸಾಗಬೇಕು. ಕಂಪ್ರೆಸರ್‌ಗೆ ಟ್ಯಾಂಕ್ ಮತ್ತು ನೀರು ಹಿಡಿಯುವ ಟ್ರ್ಯಾಪ್ ಎರಡೂ ಇರಲಿ. ನಡುವೆ ಕರೆಂಟ್ ಹೋದರೂ ಟ್ಯಾಂಕಿನಲ್ಲಿರುವ ಗಾಳಿಯಿಂದ ಏರ್‌ಬ್ರಷ್ ತೊಳೆದುಕೊಳ್ಳುವಷ್ಟು ಸಮಯ ಸಿಗುತ್ತದೆ. ಲ್ಯಾಕರ್ ಆವಿಗೆ ಎನ್‌95 ಮಾಸ್ಕ್ ಏನೂ ಮಾಡದು. ಅದು ಧೂಳು ತಡೆಯುವಂಥದ್ದು. ಇದ್ದಿಲಿನ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು, ಕಿಟಕಿ ತೆರೆದಿರಬೇಕು, ಅಡುಗೆಮನೆಯ ಹತ್ತಿರ ಹೊಡೆಯುವಂತಿಲ್ಲ.

ಸಮಯ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕು. ಚಳಿಗಾಲದ ಮುಂಜಾನೆ ಧಾರವಾಡದಲ್ಲಿ ಇಬ್ಬನಿ ಇಳಿದಿರುತ್ತದೆ, ಆ ತೇವ ಆರಬೇಕು. ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ಆಗುವುದೇನೆಂದರೆ, ಥಿನ್ನರ್ ಥಟ್ಟನೆ ಹಾರಿ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿಗೆ ಬಂದು ಕೂಡುತ್ತದೆ, ಹೊಳಪು ಸತ್ತು ಮಬ್ಬು ಹಿಡಿಯುತ್ತದೆ. ಏಪ್ರಿಲ್, ಮೇನಲ್ಲಿ ತದ್ವಿರುದ್ಧ. ಹನಿ ಮಾದರಿಗೆ ತಲುಪುವ ಮೊದಲೇ ಅರ್ಧ ಒಣಗಿ ಪುಡಿಯಾಗಿ ಕೂರುತ್ತದೆ, ಮೈ ಉಸುಕು ಚೆಲ್ಲಿದಂತೆ ಒರಟು. ಹೊಡೆಯಲೇಬೇಕಾದರೆ ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ನಾಲ್ಕು ಹನಿ ಸೇರಿಸಿ, ಏರ್‌ಬ್ರಷ್ ಇನ್ನಷ್ಟು ಹತ್ತಿರ ಹಿಡಿಯಿರಿ.

ಇನ್ನು ಧೂಳು. ಎರೆಮಣ್ಣಿನ ನಮ್ಮ ಸೀಮೆಯಲ್ಲಿ ಅದನ್ನು ಪೂರ್ತಿ ತಡೆಯಲಾಗದು, ಕಡಿಮೆ ಮಾಡಬಹುದು. ಬಣ್ಣಕ್ಕೆ ಒಂದು ಗಂಟೆ ಮೊದಲು ನೆಲ ಒದ್ದೆ ಬಟ್ಟೆಯಿಂದ ಒರೆಸಿ, ಕಸಬರಿಗೆ ಮುಟ್ಟಬೇಡಿ. ಫ್ಯಾನ್ ಆರಿಸಿ. ಉಣ್ಣೆಯ ಸ್ವೆಟರ್ ಬೇಡ. ಮಾದರಿಯನ್ನು ಒಣಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್‌ಗೆ ಸ್ಥಾಯಿ ವಿದ್ಯುತ್ ಬಂದು ಕೋಣೆಯಲ್ಲಿದ್ದ ಎಳೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಸ್ವಲ್ಪ ಒದ್ದೆಯಾದ ನುಣುಪು ಬಟ್ಟೆಯಿಂದ ಒರೆಸಿ. ಕೊನೆಯ ಪದರ ಹೊಡೆದ ಕೂಡಲೇ ದೊಡ್ಡ ಪ್ಲಾಸ್ಟಿಕ್ ಡಬ್ಬಿ ಮಗುಚಿ ಮುಚ್ಚಿ, ಗಾಳಿಗೆ ಒಂದು ಬೆರಳು ಸಂದಿ ಬಿಡಿ. ಹಸಿ ಬಣ್ಣದಲ್ಲಿ ಕಣ ಕಂಡರೆ ಚಿಮಟಿಗೆ ಹಾಕಬೇಡಿ. ಎರಡು ದಿನ ಬಿಟ್ಟು 2000 ಪೇಪರನ್ನು ಒದ್ದೆ ಮಾಡಿ ಆ ಜಾಗ ಮಾತ್ರ ತಿಕ್ಕಿ, ಮೇಲೆ ಇನ್ನೊಂದು ಪದರ.

ಒದ್ದೆ ಮಾಡುವ ನೀರಿನ ಮಾತು ಇಲ್ಲಿ ಬರುತ್ತದೆ. ಬೋರ್‌ವೆಲ್ ನೀರು ಗಡಸು. ಆರಿದ ಮೇಲೆ ಸುಣ್ಣದ ಚುಕ್ಕೆ ಉಳಿಯುತ್ತದೆ, ಅದರ ಮೇಲೆ ಬಣ್ಣವೋ ಡಿಕಾಲ್‌ ಪೊರೆಯೋ ಬಿದ್ದರೆ ಅಡಿಯಲ್ಲಿ ಬೆಳ್ಳಗೆ ಸಿಕ್ಕಿಕೊಳ್ಳುತ್ತದೆ. ಕಡೆಯ ತಿಕ್ಕುವಿಕೆಗೂ ಡಿಕಾಲಿಗೂ ಬ್ಯಾಟರಿ ನೀರೇ ಬಳಸಿ.

ಕಡು ಬಣ್ಣ ಬಿಳಿಯ ಮೇಲೆ, ಎರಡು ದಿನ ಕಳೆದ ನಂತರ. ಇಂಡಿಗೋ ವಿಮಾನದ ಕಡುನೀಲಿ ಹೊಟ್ಟೆಯ ಗೆರೆ ಮೂತಿಯಿಂದ ಬಾಲಕ್ಕೆ ಸಾಗುವಾಗ ಎಲ್ಲಿ ಬಾಗುತ್ತದೆ ಎಂದು ಪಕ್ಕದ ಫೋಟೊವನ್ನು 26 ಸೆಂ.ಮೀ. ಉದ್ದಕ್ಕೆ ಪ್ರಿಂಟ್ ತೆಗೆದು ಮಾದರಿಯ ಪಕ್ಕದಲ್ಲಿಟ್ಟು ಅಳೆಯಿರಿ. ಅಂಚಿಗೆ 2 ಮಿ.ಮೀ. ಅಗಲದ ಹಾಬಿ ಟೇಪು. ಹಾರ್ಡ್‌ವೇರ್ ಅಂಗಡಿಯ ಮಾಸ್ಕಿಂಗ್ ಟೇಪಿನ ಅಂಚು ಒರಟು, ಅದು ಉಳಿದ ಮೈ ಮುಚ್ಚಲಿಕ್ಕೆ ಮಾತ್ರ. ಟೇಪಿನ ಅಂಚನ್ನು ಉಗುರಿನಿಂದ ಒತ್ತಿ, ಮೊದಲು ಅದೇ ಬಿಳಿಯ ಒಂದು ತೆಳು ಪದರ ಅಂಚಿನ ಮೇಲೆ ಹೊಡೆಯಿರಿ. ಎಲ್ಲಾದರೂ ಸಂದಿ ಇದ್ದರೆ ಅದರೊಳಗೆ ಹೋಗುವುದು ಬಿಳಿಯೇ, ಆಮೇಲೆ ನೀಲಿ ನುಗ್ಗಲು ದಾರಿ ಇರುವುದಿಲ್ಲ. ನೀಲಿಯನ್ನು ತೆಳ್ಳಗೆ ಮೂರು ಸಲ ಹೊಡೆದು, ಇಪ್ಪತ್ತು ನಿಮಿಷಕ್ಕೆ ಟೇಪನ್ನು ಅದರ ಮೇಲೇ ಮಡಿಚಿಕೊಂಡು ನಿಧಾನ ಎಳೆಯಿರಿ. ಮೇಲಕ್ಕೆತ್ತಿ ಎಳೆದರೆ ಬಣ್ಣದ ಅಂಚು ಏಳುತ್ತದೆ. ಸಿದ್ಧ ಬಣ್ಣ ಸಿಗದಿದ್ದರೆ ರಾಯಲ್ ಬ್ಲೂಗೆ ಕಪ್ಪನ್ನು ಹನಿಹನಿಯಾಗಿ ಸೇರಿಸಿ, ಪ್ರತಿ ಸಲ ಬಿಳಿ ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು ಒಣಗಿದ ಮೇಲೆ ಹೋಲಿಸಿ. ಹಸಿಯಿದ್ದಾಗಿನ ಬಣ್ಣ ನಂಬುವಂತಿಲ್ಲ.

ದೊಡ್ಡ ಅಕ್ಷರ, ಪಟ್ಟೆಗಳಿಗೆ ಮುಚ್ಚುಪಟ್ಟಿ ಬೇಕಾದರೆ ಬೈಕ್ ನಂಬರ್ ಪ್ಲೇಟಿಗೆ ರೇಡಿಯಂ ಕಟಿಂಗ್ ಮಾಡುವ ಅಂಗಡಿಗಳೇ ನಮಗೆ ದೊಡ್ಡ ಆಸರೆ. ಚಿತ್ರವನ್ನು ವೆಕ್ಟರ್ ಫೈಲಾಗಿ ಒಯ್ದು, “ಅಣ್ಣಾರ, ಬರೇ ಕಟಿಂಗ್ ಅಷ್ಟ ಮಾಡಿ ಕೊಡ್ರಿ, ಒಳಗಿನ ತುಂಡು ಕೀಳಬ್ಯಾಡ್ರಿ, ನಾವ ತಗೋತೀವಿ” ಎಂದು ಬಿಡಿಸಿ ಹೇಳಿ. ಆ ವಿನೈಲ್‌ನ ಅಂಟು ಬಿರುಸು. ಮಾದರಿಗೆ ಹಚ್ಚುವ ಮೊದಲು ಅಂಗೈಗೆ ಎರಡು ಸಲ ಅಂಟಿಸಿ ತೆಗೆದು ಅಂಟು ಸಾಯಿಸಿ. 3 ಮಿ.ಮೀ.ಗಿಂತ ಸಣ್ಣ ಅಕ್ಷರಕ್ಕೆ ಇದು ಆಗದು, ಒಳಗಿನ ತುಂಡು ಕಿತ್ತು ಬರುತ್ತದೆ. ಇಂಡಿಗೋ ಬಾಲದ ಚುಕ್ಕಿಗಳ ವಿಮಾನವನ್ನು ಹೀಗೆ ಮಾಡಲು ಹೋಗಬೇಡಿ, ಅದಕ್ಕೆ ಡಿಕಾಲೇ ಸರಿ. ಮನೆಯ ಇಂಕ್‌ಜೆಟ್ಟಿನಲ್ಲೂ ಅದು ಆಗುವುದಿಲ್ಲ, ಪ್ರಿಂಟರಿನಲ್ಲಿ ಬಿಳಿ ಶಾಯಿ ಇಲ್ಲ. ನೀಲಿಯ ಮೇಲೆ ತಿಳಿ ಬಣ್ಣ ಮಾಯವಾಗುತ್ತದೆ.

ಲೋಹದ ಭಾಗಗಳಲ್ಲಿ ಕಣ್ಣಿಗೆ ಬೀಳುವುದು ಎಂಜಿನ್ ಬಾಯಿಯ ಬಳೆ ಮತ್ತು ರೆಕ್ಕೆಯ ಮುಂದಂಚು. ಅಲ್ಲಿ ನಿಜ ವಿಮಾನದಲ್ಲಿ ಬಣ್ಣವಿಲ್ಲದ ಅಲ್ಯೂಮಿನಿಯಂ. ಬಳೆಗೆ ಹೊಳೆಯುವ ಕಪ್ಪು ಹೊಡೆದು ಮೇಲೆ ಆಲ್‌ಕ್ಲಾಡ್ ಜಾತಿಯ ಲೋಹದ ಬಣ್ಣ ತೆಳ್ಳಗೆ ಹೊಡೆದರೆ ಕನ್ನಡಿಯ ಹೊಳಪು ಬರುತ್ತದೆ. ಮುಂದಂಚಿಗೆ, ಖಾಲಿ ಡಿಕಾಲ್‌ ಹಾಳೆಗೆ ಅದೇ ಲೋಹದ ಬಣ್ಣ ಹೊಡೆದು 1.5 ಮಿ.ಮೀ. ಪಟ್ಟಿ ಕತ್ತರಿಸಿ ಕೂರಿಸುವುದು ಸುಲಭ. ತಪ್ಪಿದರೆ ತೆಗೆದು ಇನ್ನೊಂದು ಹಾಕಬಹುದು. ರೆಕ್ಕೆಯ ಉಳಿದ ಭಾಗ ತಿಳಿ ಬೂದು. ಬೋಯಿಂಗ್ ಆದರೆ ಮೇಲ್ಭಾಗದಲ್ಲಿ ರೆಕ್ಕೆಯೊಳಗಿನ ಮುಂದಿನ ಮತ್ತು ಹಿಂದಿನ ಉದ್ದ ತೊಲೆಗಳ ನಡುವಿನ ಜಾಗಕ್ಕೆ ಕೊರೊಗಾರ್ಡ್ ಎಂಬ, ಲೋಹದ ಛಾಯೆಯ ಬೇರೆ ಬೂದು. ಫೋಟೊ ನೋಡಿ ಗಡಿ ಹಾಕಿ. ಎಂಜಿನ್ ಬಾಯಿಯ ಒಳಗಿನ ಜೋಡು ತಿಕ್ಕಲು ಕೈ ಹೋಗದು. ತೆಳು ಮಾಡಿದ ಬಣ್ಣವನ್ನು ಸಿರಿಂಜಿನಿಂದ ಒಳಗೆ ಸುರಿದು, ಸುತ್ತ ತಿರುಗಿಸಿ, ಹೊರಗೆ ಬಸಿದು, ಬಾಯಿ ಕೆಳಗೆ ಮಾಡಿ ಒಣಗಿಸಿ. ಎರಡು ಮೂರು ಸಲಕ್ಕೆ ಗೆರೆ ಮುಚ್ಚಿಹೋಗುತ್ತದೆ.

ಡಿಕಾಲ್‌ ಕೂರುವ ಮೈ ಗಾಜಿನಷ್ಟು ನುಣುಪಿರಬೇಕು. ಒರಟು ಮೈಯ ತಗ್ಗುಗಳಲ್ಲಿ ಗಾಳಿ ಸಿಕ್ಕಿ ಪೊರೆಯ ಅಡಿ ಬೆಳ್ಳಿಯಂತೆ ಮಿನುಗುತ್ತದೆ. ಉಗುರುಬೆಚ್ಚಗಿನ ಬ್ಯಾಟರಿ ನೀರಲ್ಲಿ 20 ಸೆಕೆಂಡ್ ಅದ್ದಿ, ಹೊರಗೆ ಒಂದು ನಿಮಿಷ ಇಟ್ಟು, ಜಾರಲು ಶುರುವಾದ ಮೇಲೆ ಎತ್ತಿ. ಕೂರಿಸುವ ಜಾಗಕ್ಕೆ ಅದು ಕಚ್ಚಿಕೊಳ್ಳಲು ಮೈಕ್ರೋ ಸೆಟ್ ದ್ರವ, ಕೂತ ಮೇಲೆ ಪೊರೆ ಮೆತ್ತಗೆ ಮಾಡುವ ಮೈಕ್ರೋ ಸಾಲ್. ಸಾಲ್ ಹಚ್ಚಿದ ಮೇಲೆ ಪೊರೆ ಸುಕ್ಕುಗಟ್ಟುತ್ತದೆ, ಗಾಬರಿಯಾಗಿ ಮುಟ್ಟಬೇಡಿ, ತಾನೇ ಚಪ್ಪಟೆಯಾಗುತ್ತದೆ. ಬಿಡಿಯಾಗಿ ತರಿಸಿದ ಹಾಳೆಗಳಲ್ಲಿ ಕೆಲವಕ್ಕೆ ಇಡೀ ಹಾಳೆಗೆ ಒಂದೇ ಪೊರೆ ಇರುತ್ತದೆ. ಪ್ರತಿಯೊಂದನ್ನೂ ಅಂಚಿಗೆ ಕತ್ತರಿಸಬೇಕು, ಮೊದಲು ಬೇಡದ ಒಂದು ತುಂಡಿನ ಮೇಲೆ ಸಾಲ್ ಹಾಕಿ ಕರಗುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಉದ್ದನೆಯ ಕಿಟಕಿ ಸಾಲನ್ನು ಇಡಿಯಾಗಿ ಹಾಕಲು ಹೋದರೆ ಡೊಂಕಾಗುತ್ತದೆ. ಬಾಗಿಲುಗಳ ಜಾಗದಲ್ಲಿ ಮೂರು ತುಂಡು ಮಾಡಿ, ತೆಳು ಟೇಪಿನ ಗೆರೆ ಹಿಡಿದು ಕೂರಿಸಿ. ಮೊದಲು ಬಾಗಿಲು, ಆಮೇಲೆ ಕಿಟಕಿ, ಹೆಸರು ಕೊನೆಗೆ.

ಮೇಲಿನ ಪಾರದರ್ಶಕ ಪದರಕ್ಕೆ ಎನಾಮಲ್ ವಾರ್ನಿಶ್ ಬೇಡ, ವರ್ಷ ಕಳೆದಂತೆ ಬಿಳಿಯ ಮೇಲೆ ಹಳದಿ ತಿರುಗುತ್ತದೆ. ಲ್ಯಾಕರ್ ಅಥವಾ ಅಕ್ರಿಲಿಕ್ ಸರಿ. ಡಿಕಾಲ್‌ ಮೇಲೆ ಲ್ಯಾಕರ್ ಹೊಡೆಯುವಾಗ ಮೊದಲ ಪದರಗಳು ತೀರ ತೆಳ್ಳಗಿರಲಿ, ಹಸಿಯಾಗಿ ಬಿದ್ದರೆ ಡಿಕಾಲ್‌ ಸುಟ್ಟಂತೆ ಮುದುರುತ್ತದೆ. ಕಾರಿಗೆ ಹೊಡೆಯುವ, ಗಟ್ಟಿಕಾರಕ ಬೆರೆಸುವ 2ಕೆ ಕ್ಲಿಯರ್ ಹೊಳಪು ಚೆನ್ನಾಗಿ ಕೊಡುತ್ತದೆ, ಆದರೆ ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇದೆ, ಶ್ವಾಸಕೋಶಕ್ಕೆ ಅಪಾಯ. ಮನೆಯೊಳಗೆ ಅದನ್ನು ಬಳಸಲೇಬಾರದು. ವಾರ ಒಣಗಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಸಣ್ಣ ಕಣದ ಕಾಂಪೌಂಡ್ ತೆಗೆದುಕೊಂಡು ಉಜ್ಜಿ, ರೆಕ್ಕೆಯ ಅಂಚುಗಳನ್ನು ಬಿಟ್ಟು. ಅಂಚಿನಲ್ಲಿ ಬಣ್ಣ ತೆಳ್ಳಗಿರುತ್ತದೆ, ಎರಡು ಉಜ್ಜಿಗೆ ಪ್ರೈಮರ್ ಇಣುಕುತ್ತದೆ.

ಪ್ಯಾನೆಲ್ ಗೆರೆಗೆ ಕಪ್ಪು ಬಸಿಯುವುದು ಪ್ರಯಾಣಿಕ ವಿಮಾನಕ್ಕೆ ಒಪ್ಪುವುದಿಲ್ಲ. ದಿನವೂ ಹಾರುವ ಈ ವಿಮಾನಗಳನ್ನು ತೊಳೆಯುತ್ತಲೇ ಇರುತ್ತಾರೆ. ರೆಕ್ಕೆಯ ಮೇಲೆ ಮೈಬಣ್ಣಕ್ಕಿಂತ ಒಂದು ಛಾಯೆ ಕಡು ಬೂದು, ಅದೂ ಫ್ಲಾಪ್ ಸಂದಿಗಳಿಗೆ ಮಾತ್ರ. ಟೈರಿಗೆ ಅಪ್ಪಟ ಕಪ್ಪಿನ ಬದಲು ಕಡು ಬೂದು ಹಚ್ಚಿ. ಕೊನೆಗೆ ಎಂಜಿನ್, ಅಡ್ಡರೆಕ್ಕೆ, ಗಾಲಿ, ಆಂಟೆನಾ, ಬೆನ್ನ ಮೇಲಿನ ಕೆಂಪು ದೀಪ. ಅಂಟು ಹಚ್ಚುವ ಜಾಗದ ಬಣ್ಣವನ್ನು ಬ್ಲೇಡಿನಿಂದ ಕೆರೆದ ಮೇಲೆಯೇ ಸಿಮೆಂಟ್ ಹಾಕಿ. ಬಣ್ಣದ ಮೇಲೆ ಹಾಕಿದರೆ ಬಣ್ಣ ಬಣ್ಣಕ್ಕೆ ಅಂಟುತ್ತದೆ, ಭಾಗ ಕಳಚಿಬೀಳುತ್ತದೆ.

ಮಾದರಿಯನ್ನು ಮುಚ್ಚಳವಿರುವ ಅಕ್ರಿಲಿಕ್ ಪೆಟ್ಟಿಗೆಯಲ್ಲಿಡಿ, ನೇರ ಬಿಸಿಲು ಬೀಳದ ಗೋಡೆಗೆ. ಧೂಳು ಕೂತರೆ ಒಣಬಟ್ಟೆ ಹಾಕಬೇಡಿ, ಎರೆಮಣ್ಣಿನ ಧೂಳಿನಲ್ಲಿ ಸಣ್ಣ ಹರಳಿನ ಕಣಗಳಿರುತ್ತವೆ, ಹೊಳಪಿನ ಮೇಲೆ ಗೀರು ಬೀಳುತ್ತದೆ. ಕ್ಯಾಮೆರಾ ಲೆನ್ಸ್‌ಗೆ ಬಳಸುವ ರಬ್ಬರ್ ಬ್ಲೋವರ್‌ನಿಂದ ಊದಿ, ಉಳಿದದ್ದನ್ನು ಬ್ಯಾಟರಿ ನೀರಲ್ಲಿ ಅದ್ದಿದ ಮೆತ್ತನೆ ಅಗಲ ಕುಂಚದಿಂದ ಮೂತಿಯಿಂದ ಬಾಲದ ಕಡೆಗೆ ತೆಗೆಯಿರಿ. ಹಿಮ್ಮುಖವಾಗಿ ಎಳೆದರೆ ಆಂಟೆನಾ ಮುರಿಯುತ್ತದೆ.